ಅಮ್ಮನ ಸೊಂಟದ ಮಣಿ ಜಾರಿದೆ: ನರ ಬಿಡಿಸಿದರೆ ಸಾಕೇ, ಸ್ಕ್ರೂ ಹಾಕಿಸಲೇಬೇಕೇ?

ಪ್ರಶ್ನೆ: ನಮ್ಮ ಅಮ್ಮನಿಗೆ 71 ವರ್ಷ. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿದ್ದಾರೆ. 12 ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಸೊಂಟ ನೋವು ಶುರುವಾಗಿ ಎರಡು ವರ್ಷ ಆಯಿತು. ಈಚೆಗೆ ಆರು ತಿಂಗಳಿಂದ ಸ್ವಲ್ಪ ದೂರ ನಡೆದರೆ ಸಾಕು, ಎರಡೂ ಕಾಲು ಭಾರವಾಗಿ ಜೋಮು ಹಿಡಿಯುತ್ತದೆ. ಮನೆಯಿಂದ ಹಾಲಿನ ಡೈರಿ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಅಷ್ಟು ಹೋಗುವಷ್ಟರಲ್ಲಿ ಮೂರು ಕಡೆ ಕೂರುತ್ತಾರೆ. ಕೂತ ಎರಡು ನಿಮಿಷಕ್ಕೆ ಸರಿಹೋಗುತ್ತದೆ. ರಾತ್ರಿ ಪಾದ ಉರಿಯುತ್ತದೆ ಅಂತಲೂ ಹೇಳುತ್ತಾರೆ. ಎಂಆರ್‌ಐನಲ್ಲಿ ಎಲ್-4 ಮಣಿ ಎಲ್-5 ಮೇಲೆ ಮುಂದಕ್ಕೆ ಜಾರಿದೆ, ಗ್ರೇಡ್ 1, ನರದ ದಾರಿ ಕಿರಿದಾಗಿದೆ ಎಂದು ಬಂದಿದೆ. ಒಬ್ಬ ಡಾಕ್ಟರು ಸ್ಕ್ರೂ, ರಾಡ್ ಹಾಕಿ ಮಣಿಗಳನ್ನು ಬೆಸೆಯಬೇಕು ಅಂದರು. ಇನ್ನೊಬ್ಬರು ನರದ ಮೇಲಿನ ಒತ್ತಡ ತೆಗೆದರೆ ಸಾಕು ಅಂದರು. ನೆಂಟರೆಲ್ಲ ಬೆನ್ನಿಗೆ ಕತ್ತರಿ ಹಾಕಿಸಿದರೆ ಹಾಸಿಗೆ ಹಿಡಿಯುವುದು ಗ್ಯಾರಂಟಿ ಅನ್ನುತ್ತಾರೆ. ಮಾಡಿಸದಿದ್ದರೆ ಮಣಿ ಪೂರ್ತಿ ಜಾರಿ ಕಾಲಿನ ಸ್ವಾಧೀನ ಹೋಗುತ್ತದೆಯೇ? ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಎಂಆರ್‌ಐ ಸಾಲು ಅಲ್ಲ, ಡೈರಿಗೆ ಹೋಗುವ ದಾರಿ. ಮೂರು ಕಡೆ ಕೂರುತ್ತಾರೆ, ಕೂತರೆ ಎರಡು ನಿಮಿಷಕ್ಕೆ ಸರಿಹೋಗುತ್ತದೆ ಅಂದಿರಲ್ಲ, ಅರ್ಧ ರೋಗನಿರ್ಣಯ ಅಲ್ಲೇ ಆಯಿತು.

ನನ್ನ ಕೋಣೆಗೆ ಬರುವ ಇಂಥ ಅಜ್ಜಿಯರನ್ನು ಬಾಗಿಲಲ್ಲೇ ಗುರುತಿಸುತ್ತೇನೆ. ಒಳಗೆ ಬರುವಾಗ ಸ್ವಲ್ಪ ಮುಂದಕ್ಕೆ ಬಾಗಿರುತ್ತಾರೆ. ಕುರ್ಚಿ ತೋರಿಸುವ ಮೊದಲೇ ಎರಡೂ ಕೈ ಮೇಜಿನ ಮೇಲೆ ಊರಿ ನಿಲ್ಲುತ್ತಾರೆ. ಮನೆಯಲ್ಲಿ ಬಾಗಿ ಕಸ ಗುಡಿಸುವಾಗ ಅಷ್ಟೇನೂ ತೊಂದರೆಯಿಲ್ಲ, ನೆಟ್ಟಗೆ ನಿಂತು ಒಲೆ ಮುಂದೆ ಅಡುಗೆ ಮಾಡುವಾಗಲೇ ಕಷ್ಟ ಅನ್ನುತ್ತಾರೆ. ಮನೆಯವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಇದಕ್ಕೆ ಸರಳ ಕಾರಣ ಇದೆ. ನೆಟ್ಟಗೆ ನಿಂತಾಗ ಬೆನ್ನುಮೂಳೆಯೊಳಗಿನ ನರದ ದಾರಿ ಇನ್ನಷ್ಟು ಕಿರಿದಾಗುತ್ತದೆ. ಬಾಗಿದಾಗ, ಕೂತಾಗ ತೆರೆದುಕೊಳ್ಳುತ್ತದೆ. ಕೂತ ತಕ್ಷಣ ನರಕ್ಕೆ ಉಸಿರು ಬಂದ ಹಾಗೆ.

ಮಣಿ ಯಾಕೆ ಜಾರಿತು ಅಂತ ಮೊದಲು ಹೇಳುತ್ತೇನೆ, ಅದು ತಿಳಿದರೆ ಅರ್ಧ ಭಯ ಹೋಗುತ್ತದೆ. ನಮ್ಮ ಸೊಂಟದಲ್ಲಿ ಐದು ಮಣಿಗಳು. ಕೊನೆಯ ಐದನೆಯದನ್ನು ಗಟ್ಟಿ ಅಸ್ಥಿಬಂಧಗಳು ಎರಡೂ ಬದಿಯಿಂದ ಸೊಂಟದ ದೊಡ್ಡ ಮೂಳೆಗೆ ಬಿಗಿದಿರುತ್ತವೆ. ನಾಲ್ಕನೆಯದಕ್ಕೆ ಆ ಆಸರೆ ಕಡಿಮೆ. ಮಣಿಗಳ ಹಿಂಭಾಗದಲ್ಲಿ ಎರಡು ಪುಟ್ಟ ಕೀಲುಗಳಿವೆ, ಬಾಗಿಲಿನ ಅಗುಳಿಯ ಹಾಗೆ ಮೇಲಿನ ಮಣಿ ಮುಂದಕ್ಕೆ ಜಾರದಂತೆ ತಡೆಯುವುದೇ ಅವುಗಳ ಕೆಲಸ. ವಯಸ್ಸಾದಂತೆ ಡಿಸ್ಕ್ ಒಣಗಿ ಕುಗ್ಗುತ್ತದೆ, ಆ ಕೀಲುಗಳು ಸವೆಯುತ್ತವೆ, ಅಗುಳಿ ಸಡಿಲವಾಗುತ್ತದೆ. ಆಗ ನಾಲ್ಕನೆಯ ಮಣಿ ಐದನೆಯದರ ಮೇಲೆ ಮೆಲ್ಲಗೆ ಮುಂದಕ್ಕೆ ಸರಿಯುತ್ತದೆ. 50 ದಾಟಿದವರಲ್ಲಿ, ಅದರಲ್ಲೂ ಗಂಡಸರಿಗಿಂತ ಹೆಂಗಸರಲ್ಲಿ ಇದು ತುಂಬ ಜಾಸ್ತಿ. ನಿಮ್ಮ ಅಮ್ಮ ಯಾವತ್ತೋ ಭಾರ ಎತ್ತಿದ್ದರಿಂದ ಆದದ್ದಲ್ಲ. ಅವರನ್ನಾಗಲಿ, ನಿಮ್ಮನ್ನಾಗಲಿ ದೂರಿಕೊಳ್ಳುವ ವಿಷಯವೇ ಅಲ್ಲ.

ಜನ ಇದನ್ನೂ ಡಿಸ್ಕ್ ಸ್ಲಿಪ್ಪನ್ನೂ ಒಂದೇ ಅಂದುಕೊಳ್ಳುತ್ತಾರೆ. ಅಲ್ಲ. ಅಲ್ಲಿ ಮಣಿಗಳ ನಡುವಿನ ಮೆತ್ತೆ ಹೊರಗೆ ಉಬ್ಬುತ್ತದೆ, ಇಲ್ಲಿ ಮಣಿಯೇ ಸರಿಯುತ್ತದೆ. ಈ ವ್ಯತ್ಯಾಸ ನೆನಪಿಡಿ. ಬೆನ್ನು ತುಳಿದು, ಎಳೆದು, ತಿರುಚಿ "ಕೂರಿಸುತ್ತೇವೆ" ಅನ್ನುವವರ ಹತ್ತಿರ ಅಮ್ಮನನ್ನು ದಯವಿಟ್ಟು ಕರೆದೊಯ್ಯಬೇಡಿ. ಸವೆದು ಜಾರಿದ ಮಣಿಯನ್ನು ಹೊರಗಿನಿಂದ ಒತ್ತಿ ಕೂರಿಸಲು ಆಗುವುದಿಲ್ಲ. ಆ ವಯಸ್ಸಿನ ಟೊಳ್ಳು ಮೂಳೆ ಮುರಿಯುವ ಸಾಧ್ಯತೆ ಮಾತ್ರ ಇದೆ.

ಇನ್ನು ನಿಮ್ಮ ದೊಡ್ಡ ಭಯಕ್ಕೆ ಬರುತ್ತೇನೆ. ಮಣಿ ಪೂರ್ತಿ ಜಾರಿ ಕಾಲು ಬಿದ್ದುಹೋಗುತ್ತದೆಯೇ? ಇಲ್ಲ. ವಯಸ್ಸಿನಿಂದ ಬರುವ ಈ ಬಗೆಯ ಜಾರಿಕೆಯಲ್ಲಿ ಮಣಿಯ ಹಿಂದಿನ ಕಮಾನು ಒಡೆದಿರುವುದಿಲ್ಲ. ಹಾಗಾಗಿ ಸ್ವಲ್ಪ ದೂರ ಸರಿದ ಮೇಲೆ ಅದೇ ತಡೆಯಾಗಿ ನಿಲ್ಲುತ್ತದೆ. ಗ್ರೇಡ್ 1 ಅಂದರೆ ಮಣಿಯ ಅಗಲದ ಕಾಲು ಭಾಗದೊಳಗೆ ಜಾರಿದೆ ಎಂದರ್ಥ. ಹೆಚ್ಚಿನವರಲ್ಲಿ ಅದು ಅಲ್ಲೇ ಆಸುಪಾಸಿನಲ್ಲಿ ನಿಲ್ಲುತ್ತದೆ. ಜಪಾನಿನಲ್ಲಿ ಆಪರೇಷನ್ ಆಗದ 145 ಮಂದಿಯನ್ನು 10 ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ ಜಾರಿಕೆ ಮುಂದುವರಿಯಿತು. ಮೊದಲು ನರದ ತೊಂದರೆ ಇಲ್ಲದಿದ್ದವರಲ್ಲಿ ನಾಲ್ಕರಲ್ಲಿ ಮೂರು ಜನ ಹಾಗೇ ಚೆನ್ನಾಗಿದ್ದರು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಮುಚ್ಚಿಡಬಾರದು. ನಡೆಯುವಾಗ ಕಾಲು ಸೋಲುವುದು ಅಥವಾ ಮೂತ್ರದ ತೊಂದರೆ ಆಗಲೇ ಶುರುವಾಗಿದ್ದೂ ಆಪರೇಷನ್ ಬೇಡ ಅಂದವರಲ್ಲಿ ಹೆಚ್ಚಿನವರ ಸ್ಥಿತಿ ಹದಗೆಟ್ಟಿತು. ನಿಮ್ಮ ಅಮ್ಮ ಈ ಎರಡನೆಯ ಗುಂಪಿನ ಹತ್ತಿರ ಇದ್ದಾರೆ. ಇವತ್ತೇ ಓಡಬೇಕಾದ ಅವಸರ ಇಲ್ಲ. ಹಾಗಂತ ಐದು ವರ್ಷ ಮುಂದೂಡುವ ವಿಷಯವೂ ಅಲ್ಲ.

ಅವಸರ ಯಾವಾಗ ಅಂದರೆ, ಕೂರುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಾಗದೆ ಸೋರಿದರೆ, ಪಾದ ಎತ್ತಲು ಆಗದೆ ಚಪ್ಪಲಿ ಕಳಚಿ ಬೀಳುತ್ತಿದ್ದರೆ. ಆಗ ಈ ಉತ್ತರವನ್ನೆಲ್ಲ ಪಕ್ಕಕ್ಕಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ.

ಇಬ್ಬರು ಡಾಕ್ಟರು ಎರಡು ಮಾತು ಹೇಳಿದ್ದರಿಂದ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ನಿಮಗೆ ಅನ್ನಿಸಿರಬಹುದು. ಹಾಗಲ್ಲ. ನಮ್ಮ ವಿದ್ಯೆಯಲ್ಲೇ ಈ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. 2016ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನ ಬಂದವು. ಸ್ವೀಡನ್ನಿನದು 247 ಜನರ ಮೇಲೆ ನಡೆದದ್ದು. ನರ ಬಿಡಿಸಿದವರೂ, ಅದರ ಜೊತೆ ಮಣಿ ಬೆಸೆಸಿಕೊಂಡವರೂ ಎರಡು ವರ್ಷದ ನಂತರ ಒಂದೇ ತರ ಇದ್ದರು. ಅಮೆರಿಕದ್ದು 66 ಜನರ ಸಣ್ಣ ಅಧ್ಯಯನ. ಅದರಲ್ಲಿ ಬೆಸೆದವರು ಸ್ವಲ್ಪ ಹೆಚ್ಚು ಚೆನ್ನಾಗಿದ್ದರು. ನಾಲ್ಕು ವರ್ಷದಲ್ಲಿ ಮತ್ತೆ ಆಪರೇಷನ್ ಬೇಕಾದವರು ಬೆಸೆದವರಲ್ಲಿ 100ಕ್ಕೆ 14, ಬರೀ ನರ ಬಿಡಿಸಿದವರಲ್ಲಿ 34. ಆಮೇಲೆ 2021ರಲ್ಲಿ ನಾರ್ವೆಯವರು 16 ಆಸ್ಪತ್ರೆಗಳ 267 ಜನರನ್ನು, ಅದೂ ನಿಮ್ಮ ಅಮ್ಮನ ಹಾಗೆ ಮಣಿ ಜಾರಿದವರನ್ನೇ ತೆಗೆದುಕೊಂಡು ನೋಡಿದರು. ಎರಡು ವರ್ಷದ ಕೊನೆಗೆ ಚೆನ್ನಾಗಿ ಸುಧಾರಿಸಿದವರು ಒಂದು ಕಡೆ 100ಕ್ಕೆ 71, ಇನ್ನೊಂದು ಕಡೆ 73. ಮರು ಆಪರೇಷನ್ನಿನ ಅಂತರವೂ ಸಣ್ಣದು, ನರ ಮಾತ್ರ ಬಿಡಿಸಿದವರಲ್ಲಿ 100ಕ್ಕೆ 12–13, ಬೆಸೆದವರಲ್ಲಿ 9.

ಇದನ್ನೆಲ್ಲ ಓದಿ, ನನ್ನದೇ ರೋಗಿಗಳನ್ನು ವರ್ಷಗಟ್ಟಲೆ ನೋಡಿ, ನಾನು ಬದಲಾಗಿದ್ದೇನೆ. ಮೊದಲೆಲ್ಲ ಜಾರಿದ ಮಣಿ ಕಂಡರೆ ಸ್ಕ್ರೂ ಎಂದೇ ಬರೆಯುತ್ತಿದ್ದೆ. ಈಗ ಮಣಿ ಜಾರಿದೆಯೇ ಎಂದು ಕೇಳುವುದಿಲ್ಲ, ಅಲ್ಲಾಡುತ್ತಿದೆಯೇ ಎಂದು ಕೇಳುತ್ತೇನೆ. ಜಾರಿ ಗಟ್ಟಿಯಾಗಿ ಕೂತ ಮಣಿ ಬೇರೆ, ಬಾಗಿ ಎದ್ದಾಗಲೆಲ್ಲ ಹಿಂದೆಮುಂದೆ ಆಡುವ ಮಣಿ ಬೇರೆ. ಎರಡಕ್ಕೂ ಒಂದೇ ಆಪರೇಷನ್ ಯಾಕೆ?

ಅಲ್ಲಾಡುತ್ತಿದೆಯೇ ಅಂತ ತಿಳಿಯಲು ನಿಮ್ಮ ಹತ್ತಿರ ಇರುವ ಎಂಆರ್‌ಐ ಸಾಲದು. ಅದನ್ನು ಮಲಗಿಸಿ ತೆಗೆಯುತ್ತಾರೆ. ಮಲಗಿದಾಗ ಎಷ್ಟೋ ಮಣಿಗಳು ತಾವೇ ಹಿಂದಕ್ಕೆ ಸರಿದು ಒಳ್ಳೆಯವರ ಹಾಗೆ ಕೂತಿರುತ್ತವೆ. ಬೇಕಾದ್ದು ಸುಮ್ನೆ ಒಂದು ಎಕ್ಸ್‌ರೇ. ನಿಂತು ತೆಗೆದದ್ದು, ಪಕ್ಕದಿಂದ. ಒಮ್ಮೆ ನೆಟ್ಟಗೆ, ಒಮ್ಮೆ ಮುಂದಕ್ಕೆ ಬಾಗಿ, ಒಮ್ಮೆ ಹಿಂದಕ್ಕೆ ವಾಲಿ. ಎಂಆರ್‌ಐಗೆ ಹೋಲಿಸಿದರೆ ಖರ್ಚು ಏನೇನೂ ಅಲ್ಲ, ತಾಲ್ಲೂಕು ಊರಲ್ಲೂ ಆಗುತ್ತದೆ. ಈ ಚಿತ್ರಗಳ ನಡುವೆ ಮಣಿ 3–4 ಮಿಲಿಮೀಟರಿಗಿಂತ ಜಾಸ್ತಿ ಸರಿದರೆ ಅಸ್ಥಿರ ಅನ್ನುತ್ತೇವೆ. ಎಂಆರ್‌ಐ ಫಿಲ್ಮಿನಲ್ಲೂ ಒಂದು ಸುಳಿವು ಸಿಗುತ್ತದೆ. ಹಿಂದಿನ ಆ ಪುಟ್ಟ ಕೀಲುಗಳೊಳಗೆ ಬೆಳ್ಳನೆ ನೀರಿನ ಗೆರೆ ದಪ್ಪಗೆ ಕಂಡರೆ, ಕೀಲು ಬಾಯಿ ಬಿಟ್ಟಿದೆ, ಮಣಿ ಆಡುತ್ತಿರಬಹುದು ಎಂಬ ಅನುಮಾನ. ಡಾಕ್ಟರ ಹತ್ತಿರ ಹೋದಾಗ ಅದನ್ನು ತೋರಿಸಿ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಎರಡನೆಯದು ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಪರೀಕ್ಷೆ. ಇದರ ಬಗ್ಗೆ ನಾನು ಸ್ವಲ್ಪ ಹಟಮಾರಿ, ಕಾರಣ ಹೇಳುತ್ತೇನೆ. ಬಹಳ ವರ್ಷದ ಹಿಂದೆ 68 ವರ್ಷದ ಒಬ್ಬ ತಾಯಿಗೆ ನಾಲ್ಕು ಸ್ಕ್ರೂ ಹಾಕಿದೆ. ಮೂಳೆ ಪರೀಕ್ಷೆ ಮಾಡಿಸಿರಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತು, ಹೊಲಿಗೆ ಬಿಚ್ಚಿದ ದಿನ ನಕ್ಕುಕೊಂಡು ಹೋದರು. ಮೂರು ತಿಂಗಳಿಗೆ ನೋವು ಅಂತ ಬಂದರು. ಎಕ್ಸ್‌ರೇ ಬೆಳಕಿಗೆ ಹಿಡಿದೆ. ಕೆಳಗಿನ ಎರಡು ಸ್ಕ್ರೂಗಳ ಸುತ್ತ ಕಪ್ಪು ಅಂಚು. ಮಳೆಯಲ್ಲಿ ನೆನೆದ ಮಣ್ಣಿನ ಗೋಡೆಯಲ್ಲಿ ಮೊಳೆ ಸುತ್ತ ಸಂದು ಬಿಟ್ಟಿರುತ್ತದಲ್ಲ, ಹಾಗೆ. ಸ್ಕ್ರೂ ಸಡಿಲವಾಗಿತ್ತು. ಅವರನ್ನು ಎರಡನೇ ಸಲ ಮೇಜಿನ ಮೇಲೆ ಮಲಗಿಸಬೇಕಾಯಿತು. ತಪ್ಪು ಸ್ಕ್ರೂವಿನದಲ್ಲ, ಮೊದಲೇ ಅಳೆಯದ ನನ್ನದು. ಆವತ್ತಿನಿಂದ ಮುಟ್ಟು ನಿಂತ ಯಾವ ಹೆಂಗಸಿಗೂ ಡೆಕ್ಸಾ ನೋಡದೆ ಸ್ಕ್ರೂ ಹಾಕಿಲ್ಲ. ಆ ಪರೀಕ್ಷೆ ಕೊಡುವ ಟಿ-ಸ್ಕೋರ್ ಎಂಬ ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಟೊಳ್ಳಾಗಿದೆ ಎಂದರ್ಥ. ಆಗ ಮೊದಲು ಮೂಳೆಗೆ ಔಷಧಿ. ಟೆರಿಪಾರಟೈಡ್ ಎಂಬ ದಿನಕ್ಕೊಂದು ಚುಚ್ಚುಮದ್ದು ಕೆಲವು ತಿಂಗಳು ಕೊಟ್ಟು ಆಮೇಲೆ ಆಪರೇಷನ್ ಮಾಡುವುದುಂಟು. ಸ್ಕ್ರೂ ಸುತ್ತ ಮೂಳೆ ಸಿಮೆಂಟ್ ತುಂಬುವ ದಾರಿಯೂ ಇದೆ. ಅದು ಸೋರಿ ರಕ್ತನಾಳ ಸೇರಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಇರುವುದರಿಂದ ಅನುಭವಸ್ಥರ ಕೈಯಲ್ಲೇ ಆಗಬೇಕು.

ಇನ್ನು ಆ ರಾತ್ರಿಯ ಪಾದದ ಉರಿ. ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ, ನನಗೆ ಅದು ದೊಡ್ಡ ವಿಷಯ. ಬೆನ್ನಿನಲ್ಲಿ ನರ ಒತ್ತಿದ್ದರೆ ಕೂತಾಗ, ಬಾಗಿದಾಗ ಆರಾಮ ಸಿಗುತ್ತದೆ. ಮಲಗಿದಾಗಲೂ ಉರಿಯುವ ಪಾದ ಹೆಚ್ಚಾಗಿ ಸಕ್ಕರೆ ಕಾಯಿಲೆಯಿಂದ ಕೆಟ್ಟ ನರಗಳದು. ಯಾವ ಬೆನ್ನಿನ ಆಪರೇಷನ್ನಿಂದಲೂ ಅದು ಹೋಗುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ ಅಮ್ಮ "ಅಷ್ಟು ದುಡ್ಡು ಸುರಿದರೂ ಉರಿ ಹೋಗಲಿಲ್ಲ" ಎಂದು ನೊಂದುಕೊಳ್ಳುತ್ತಾರೆ. ಹಾಗೇ ಪಾದದ ನಾಡಿ ಸಿಗುತ್ತದೆಯೇ ಎಂದೂ ನೋಡಿಸಿ. ಕಾಲಿನ ರಕ್ತನಾಳ ಕಟ್ಟಿಕೊಂಡರೂ ನಡೆಯುವಾಗ ಕಾಲು ಸೋಲುತ್ತದೆ. ಆ ತೊಂದರೆ ಇರುವವರಿಗೆ ಕೂರಬೇಕಂತಿಲ್ಲ, ಸುಮ್ನೆ ನಿಂತರೂ ಕಡಿಮೆಯಾಗುತ್ತದೆ.

ಆಪರೇಷನ್ನಿಗೆ ಮೊದಲು ಬೇರೆ ದಾರಿ ಪೂರ್ತಿ ನೋಡಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಹೊಟ್ಟೆ ಮತ್ತು ಸೊಂಟದ ವ್ಯಾಯಾಮ ಎರಡು ಮೂರು ತಿಂಗಳು ನಿಯಮವಾಗಿ ಮಾಡಿದರೆ ಕೆಲವರಿಗೆ ಸಾಕಷ್ಟು ಅನುಕೂಲ ಆಗುತ್ತದೆ. ಬೆಲ್ಟ್ ಪ್ರಯಾಣದಲ್ಲಿ, ಹೆಚ್ಚು ಕೆಲಸವಿರುವಾಗ ಹಾಕಲಿ, ದಿನವಿಡೀ ಬೇಡ, ಸ್ನಾಯು ಸೋಮಾರಿಯಾಗುತ್ತದೆ. ನೆಲದ ಮೇಲೆ, ಹಲಗೆ ಮೇಲೆ ಮಲಗಬೇಕು ಎನ್ನುವುದಕ್ಕೆ ಆಧಾರವಿಲ್ಲ. ಎದ್ದು ಕೂರಲು ಸುಲಭವಾಗುವ ಎತ್ತರದ ಮಂಚ, ಗಟ್ಟಿ ಹಾಸಿಗೆ ಸಾಕು. ಪ್ರಿಗ್ಯಾಬಲಿನ್‌ನಂಥ ನರದ ಮಾತ್ರೆ ಕೊಟ್ಟಿದ್ದರೆ ತಲೆ ಸುತ್ತುತ್ತದೆಯೇ ಗಮನಿಸಿ. ರಾತ್ರಿ ಬಚ್ಚಲಿಗೆ ಎದ್ದವರು ಬಿದ್ದು ತೊಡೆಮೂಳೆ ಮುರಿದುಕೊಂಡು ಬಂದದ್ದನ್ನು ನೋಡಿದ್ದೇನೆ. ಬೆನ್ನಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡಬಹುದು, ಅಷ್ಟೇ. ನರದ ದಾರಿ ಕಿರಿದಾದವರಲ್ಲಿ ಅದರ ಲಾಭ ಹೇಳಿಕೊಳ್ಳುವಷ್ಟಿಲ್ಲ. ಅಮ್ಮನಿಗೆ ಅದರಿಂದ ಕೆಲವು ದಿನ ಸಕ್ಕರೆ ಏರುತ್ತದೆ, ಎಚ್ಚರ ಬೇಕು.

ಇವೆಲ್ಲ ಆಗಿಯೂ ಡೈರಿ ದೂರವೇ ಉಳಿದರೆ ಆಪರೇಷನ್ ನ್ಯಾಯವಾದ ದಾರಿ. 71 ವಯಸ್ಸು ಅಡ್ಡಿಯಲ್ಲ. ಹೃದಯ, ಕಿಡ್ನಿ, ಸಕ್ಕರೆ ಹೇಗಿವೆ ಅನ್ನುವುದು ಮುಖ್ಯ.

ಮೊದಲನೆಯದು ನರ ಬಿಡಿಸುವುದು. ಸೂಕ್ಷ್ಮದರ್ಶಕದಡಿ ಸಣ್ಣ ಗಾಯ ಮಾಡಿ, ನರವನ್ನು ಒತ್ತಿರುವ ದಪ್ಪಗಾದ ಪೊರೆ, ಮೂಳೆಯ ಅಂಚು ತೆಗೆಯುತ್ತೇವೆ. ಈಗ ಒಂದೇ ಬದಿಯಿಂದ ಒಳಹೋಗಿ ಎರಡೂ ಬದಿ ಬಿಡಿಸಬಹುದು. ನಡುವಿನ ಮೂಳೆ, ಹಿಂದಿನ ಕೀಲುಗಳ ಹೆಚ್ಚಿನ ಭಾಗ ಹಾಗೇ ಉಳಿಯುತ್ತದೆ. ಇದು ಬಹಳ ಮುಖ್ಯ. ಹಳೆಯ ಕಾಲದಲ್ಲಿ ಅಗಲವಾಗಿ ಮೂಳೆ ತೆಗೆದು, ಅಗುಳಿಯನ್ನೇ ಕಿತ್ತು, ಆಮೇಲೆ ಮಣಿ ಇನ್ನೂ ಜಾರುತ್ತಿತ್ತು. ಎರಡನೆಯ ಡಾಕ್ಟರು ಯಾವ ರೀತಿ ಮಾಡುತ್ತಾರೆ ಎಂದು ಕೇಳಿ. ಒಂದೂವರೆ ಗಂಟೆಯೊಳಗಿನ ಕೆಲಸ, ಮಾರನೆಯ ದಿನ ನಡೆಸುತ್ತೇವೆ, ಎರಡು ಮೂರು ದಿನಕ್ಕೆ ಮನೆ. ಕಾಲಿನ ಜೋಮು, ಭಾರಕ್ಕೆ ಇದು ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. ಸೊಂಟ ನೋವಿಗೆ ಅಷ್ಟು ಭರವಸೆ ಕೊಡಲಾರೆ. ಮುಂದೆ ಮಣಿ ಇನ್ನಷ್ಟು ಸರಿದು ಸ್ಕ್ರೂ ಬೇಕಾಗುವ ಸಾಧ್ಯತೆ ಕೆಲವರಿಗೆ ಉಳಿಯುತ್ತದೆ.

ಎರಡನೆಯದು ನರ ಬಿಡಿಸಿ, ಜೊತೆಗೆ ಎರಡು ಮಣಿ ಬೆಸೆಯುವುದು. ಜನ ಅಂದುಕೊಂಡ ಹಾಗೆ ಸ್ಕ್ರೂ ಮಣಿಗಳನ್ನು ಬೆಸೆಯುವುದಿಲ್ಲ. ಬೆಸೆಯುವುದು ಮೂಳೆಪುಡಿ, ಅದು ಕಸಿಯಾಗಿ ಬೆಳೆದು ಎರಡು ಮಣಿ ಒಂದಾಗಬೇಕು. ಅಲ್ಲಿಯವರೆಗೆ ಅಲ್ಲಾಡದಂತೆ ಹಿಡಿಯುವುದಷ್ಟೇ ಸ್ಕ್ರೂ ರಾಡುಗಳ ಕೆಲಸ, ಮುರಿದ ಕೈಗೆ ಕಟ್ಟಿದ ಪಟ್ಟಿಯ ಹಾಗೆ. 1911ರಲ್ಲಿ ನ್ಯೂಯಾರ್ಕಿನಲ್ಲಿ ಬೆನ್ನುಮೂಳೆಯ ಟಿಬಿಗೆ ಈ ಬೆಸುಗೆ ಶುರು ಮಾಡಿದಾಗ ಸ್ಕ್ರೂ ಇರಲೇ ಇಲ್ಲ, ರೋಗಿಯನ್ನು ತಿಂಗಳುಗಟ್ಟಲೆ ಮಲಗಿಸುತ್ತಿದ್ದರು. "ಹಾಸಿಗೆ ಹಿಡಿಯುತ್ತಾರೆ" ಎಂಬ ಮಾತಿನ ಬೇರು ಅಂಥ ಕಾಲದ್ದೇ ಇರಬೇಕು. ಈಗ ಬೆಸೆದವರನ್ನೂ ಒಂದೆರಡು ದಿನದಲ್ಲಿ ಎಬ್ಬಿಸಿ ನಡೆಸುತ್ತೇವೆ.

ಮಣಿ ನಿಜವಾಗಿ ಆಡುತ್ತಿದ್ದರೆ, ಕಾಲಿಗಿಂತ ಸೊಂಟದ ನೋವೇ ದೊಡ್ಡದಾಗಿದ್ದರೆ, ಬೆನ್ನು ಪಕ್ಕಕ್ಕೂ ಸೊಟ್ಟಗಾಗಿದ್ದರೆ, ನರ ಬಿಡಿಸಲು ಕೀಲನ್ನೇ ತೆಗೆಯಬೇಕಾದರೆ, ಆಗ ಬೆಸೆಯುವುದೇ ಸರಿ. ಅದರ ಬೆಲೆ ಹೀಗಿದೆ. ಎರಡೂವರೆಯಿಂದ ನಾಲ್ಕು ಗಂಟೆ ಅರಿವಳಿಕೆ, ಜಾಸ್ತಿ ರಕ್ತ, ಜಾಸ್ತಿ ಖರ್ಚು, ಬೆಸುಗೆ ಗಟ್ಟಿಯಾಗಲು ಆರು ತಿಂಗಳಿಂದ ಒಂದು ವರ್ಷ. ಎರಡು ಮಣಿ ಒಂದಾದ ಮೇಲೆ ಅದರ ಮೇಲಿನ ಮಣಿಗೆ ಶ್ರಮ ಹೆಚ್ಚಿ, ವರ್ಷಗಳ ನಂತರ ಅಲ್ಲೂ ಸವೆತ ಬಂದು ಇನ್ನೊಂದು ಆಪರೇಷನ್ ಬೇಕಾಗಬಹುದು. ಮಣಿಗಳ ಹಿಂದೆ ಸಿಕ್ಕಿಸುವ ಸಣ್ಣ ಉಪಕರಣವೊಂದನ್ನೂ ನಿಮಗೆ ಯಾರಾದರೂ ಹೇಳಬಹುದು. ಮಣಿ ಜಾರಿದವರಿಗೆ ನಾನು ಅದನ್ನು ಹಾಕುವುದಿಲ್ಲ. ಲೇಸರ್‌ನಿಂದ ಒಂದೇ ದಿನದಲ್ಲಿ ಗುಣ ಅನ್ನುವ ಜಾಹೀರಾತಿಗೆ ಮರುಳಾಗಬೇಡಿ, ದಪ್ಪಗಾದ ಮೂಳೆ ಲೇಸರ್‌ಗೆ ಕರಗುವುದಿಲ್ಲ.

ಎರಡೂ ಆಪರೇಷನ್ನಿನಲ್ಲಿ ಇರುವ ಕೆಲವು ಅಪಾಯಗಳಿವೆ. ನರದ ಸುತ್ತಲಿನ ತೆಳು ಪೊರೆ ಹರಿದು ನೀರು ಸೋರುವುದು 100ರಲ್ಲಿ ಐದರಿಂದ ಹತ್ತು ಜನರಿಗೆ ಆಗುತ್ತದೆ. ಅಲ್ಲೇ ಮುಚ್ಚಿದರೆ ಹೆಚ್ಚಿನ ಪಾಲು ತೊಂದರೆಯಿಲ್ಲ. ಕಾಲಿನ ಬಲ ಹೋಗುವುದು ಬಹಳ ಅಪರೂಪ, ಆದರೆ ಸೊನ್ನೆ ಅಲ್ಲ. ಗಾಯಕ್ಕೆ ಸೋಂಕು ತಗಲುವುದು ಸಕ್ಕರೆ ಇರುವವರಲ್ಲಿ ಜಾಸ್ತಿ. ಹಾಗಾಗಿ ಮೂರು ತಿಂಗಳ ಸಕ್ಕರೆ ಲೆಕ್ಕ ಹೇಳುವ ಎಚ್‌ಬಿಎ1ಸಿ ಮಾಡಿಸಿ. 8ರ ಮೇಲಿದ್ದರೆ ನಾನು ಆಪರೇಷನ್ನಿಗೆ ದಿನಾಂಕ ಕೊಡುವುದಿಲ್ಲ, ಮೊದಲು ಇಳಿಸಿಕೊಂಡು ಬನ್ನಿ ಅನ್ನುತ್ತೇನೆ. ಇನ್ನೊಂದು, ಯಾರೂ ಮೊದಲೇ ಹೇಳದ ವಿಷಯ. ವಯಸ್ಸಾದವರಿಗೆ ಅರಿವಳಿಕೆಯ ನಂತರ ಒಂದೆರಡು ರಾತ್ರಿ ಬುದ್ಧಿ ಗಲಿಬಿಲಿ ಆಗಬಹುದು. ಮಗಳನ್ನೇ ಗುರುತಿಸದೆ, ಮನೆಗೆ ಹೋಗಬೇಕು ಎಂದು ಹಟ ಮಾಡುತ್ತಾರೆ. ನೋಡಿದವರಿಗೆ ಎದೆ ಒಡೆದುಹೋಗುತ್ತದೆ. ಸಾಮಾನ್ಯವಾಗಿ ಕೆಲವು ದಿನದಲ್ಲಿ ಸರಿಹೋಗುತ್ತದೆ. ಕನ್ನಡಕ, ಹಲ್ಲಿನ ಸೆಟ್ಟು ಬೇಗ ಕೊಡಿ, ಪಕ್ಕದಲ್ಲಿ ಗೊತ್ತಿರುವ ಮುಖ ಇರಲಿ.

ಅಮ್ಮನನ್ನು ನಾನು ನೋಡಿಲ್ಲ, ಪತ್ರ ಓದಿ ಆಪರೇಷನ್ ಬರೆಯಲು ಆಗುವುದಿಲ್ಲ. ಆದರೂ ನನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. ಕಾಲಿನ ತೊಂದರೆಯೇ ಮುಖ್ಯ, ಗ್ರೇಡ್ 1, 71 ವರ್ಷ, ಸಕ್ಕರೆ ಇದೆ. ಬಾಗಿಸಿ ತೆಗೆದ ಎಕ್ಸ್‌ರೇಯಲ್ಲಿ ಮಣಿ ಆಡದಿದ್ದರೆ ನಾನು ಎರಡನೆಯ ಡಾಕ್ಟರ ಪಕ್ಷ, ನರ ಬಿಡಿಸಿದರೆ ಸಾಕು. ಮಣಿ ಆಡುತ್ತಿದ್ದರೆ ಮೊದಲನೆಯವರು ಹೇಳಿದ್ದು ಸರಿ, ಆದರೆ ಡೆಕ್ಸಾ ನೋಡಿದ ಮೇಲೆ. ಆ ಎರಡು ಪರೀಕ್ಷೆ ಮಾಡಿಸಿಕೊಂಡು ಇಬ್ಬರ ಹತ್ತಿರವೂ ಇನ್ನೊಮ್ಮೆ ಹೋಗಿ. ಎಷ್ಟೋ ಸಲ ಆಗ ಇಬ್ಬರ ಮಾತೂ ಒಂದಾಗುತ್ತದೆ. ಖರ್ಚಿನ ಯೋಚನೆ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇದು ಬರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ವಿಚಾರಿಸಿ.

ಹೋಗುವಾಗ ಅಮ್ಮನನ್ನೇ ಮುಂದೆ ಕೂರಿಸಿ. ಮಕ್ಕಳು ಮಾತಾಡುತ್ತಾರೆ, ತಾಯಿ ಗೋಡೆ ನೋಡುತ್ತಾ ಕೂತಿರುತ್ತಾರೆ, ಇದು ನಮ್ಮಲ್ಲಿ ದಿನಾ ನಡೆಯುತ್ತದೆ. "ನಿಮಗೆ ಏನು ಮಾಡಲು ಆಗಬೇಕಮ್ಮ?" ಎಂದು ನಾನು ಅವರನ್ನೇ ಕೇಳುತ್ತೇನೆ. ನಿಮ್ಮ ಅಮ್ಮ ಬಹುಶಃ ಡೈರಿ ಅನ್ನುತ್ತಾರೆ. ನರ ಬಿಡಿಸಿದ ಆಪರೇಷನ್ ಆದರೆ, ಎಲ್ಲ ಸರಿಯಾಗಿ ನಡೆದರೆ, ಆರು ವಾರದ ಹೊತ್ತಿಗೆ ಆ ದಾರಿಯಲ್ಲಿ ಅವರನ್ನು ನಡೆಸಿಕೊಂಡು ಹೋಗಿ, ಎಷ್ಟು ಕಡೆ ಕೂತರು ಎಂದು ಎಣಿಸಿ. ಹಾಲಿನ ಕ್ಯಾನು ಮಾತ್ರ ಮೂರು ತಿಂಗಳು ನೀವು ಹಿಡಿದುಕೊಳ್ಳಿ.